ಅಂಕಪಟ್ಟಿಯೂ ಒಂದು ಪೂರ್ವಾಶ್ರಯವೇ

(ಮಠದ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ಶರಣರು ಮತ್ತು ಶಿಕ್ಷಣ’ ಎಂದು ಅಚ್ಚಾಗಿದೆ. ಇದು ದೊಡ್ಡ ವಿಷಯ. ನಾನು ಅದರ ಒಂದು ಮೂಲೆಯನ್ನಷ್ಟೇ ಹಿಡಿಯುತ್ತೇನೆ. ಓದನ್ನು ಅರ್ಧಕ್ಕೆ ಬಿಟ್ಟವರು, ಕಡಿಮೆ ಅಂಕ ತೆಗೆದವರು, ನಪಾಸಾದವರು, ಮೂವತ್ತೋ ನಲವತ್ತೋ ದಾಟಿದ ಮೇಲೆ ಮತ್ತೆ ವಿಶ್ವವಿದ್ಯಾನಿಲಯದ ಬಾಗಿಲಿಗೆ ಬರುವುದು ಹೇಗೆ, ಅವರು ಬಂದಾಗ ನಾವು ಏನು ಮಾಡಬೇಕು, ಇಷ್ಟೇ ನನ್ನ ಮಾತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವನು. ಭಾನುವಾರಗಳಲ್ಲಿ ದೂರಶಿಕ್ಷಣದ ಸಂಪರ್ಕ ತರಗತಿಗಳಿಗೂ ಹೋಗುತ್ತಿದ್ದೆ. ನಿವೃತ್ತಿಯ ನಂತರ ಇಂಥವರ ಹಳೆಯ ಅಂಕಪಟ್ಟಿ ನೋಡಿ ದಾರಿ ಹೇಳುವುದು, ಅರ್ಜಿ ತುಂಬಿಕೊಡುವುದು ನನ್ನ ಕಾಯಕವಾಗಿದೆ. ಕಂಡದ್ದನ್ನೇ ಹೇಳುತ್ತೇನೆ.

ಮೇ, ಜೂನ್ ತಿಂಗಳು ಬಂತೆಂದರೆ ನಮ್ಮ ಸಮಾಜದ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಶೇಕಡಾ 85, 90ರ ಮೇಲೆ ಅಂಕ ತೆಗೆದ ಮಕ್ಕಳಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಒಂದಿಷ್ಟು ನಗದು. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಅದೇ ಸಭೆಯಲ್ಲಿ ಕುರ್ಚಿ ಜೋಡಿಸುವ ಯುವಕ, ದಾಸೋಹದ ಮನೆಯಲ್ಲಿ ಸಾರು ಬಡಿಸುವ ಹೆಣ್ಣುಮಗಳು, ಇವರು ಎಲ್ಲಿಯವರೆಗೆ ಓದಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಮನಸ್ಸು ನೋಯಬಾರದೆಂದು ಕೇಳದೆ ಇದ್ದರೆ ಬೇರೆ ಮಾತು. ಅವರ ಲೆಕ್ಕ ಮುಗಿದುಹೋಯಿತು ಎಂಬ ತೀರ್ಮಾನದಿಂದ ನಾವು ಕೇಳುವುದಿಲ್ಲ. ಅವರೂ ಹಾಗೇ ತೀರ್ಮಾನಿಸಿಕೊಂಡಿರುತ್ತಾರೆ. “ಬುಡಿ ಸಾ, ನನ್ ಮಾರ್ಕ್ಸ್ ಕಾರ್ಡ್ ನೋಡುದ್ರೆ ನೀವೇ ನಗ್ತೀರಿ” ಅನ್ನುತ್ತಾರೆ. ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗೆ ಆ ಅಂಕಪಟ್ಟಿ ಇಪ್ಪತ್ತು ವರ್ಷದಿಂದ ಮಡಿಸಿಕೊಂಡು ಕೂತಿರುತ್ತದೆ. ಬಿಸಾಡಿರುವುದಿಲ್ಲ, ನೋಡಿ. ಬಿಸಾಡದೆ ಇರುವುದರಲ್ಲೇ ಆಸೆ ಇದೆ.

ಲಿಂಗವಂತರಾದ ನಾವು ಇಲ್ಲಿ ಒಂದು ತತ್ತ್ವವನ್ನು ನೆನೆಯಬೇಕು. ಇಷ್ಟಲಿಂಗ ಪಡೆದವರ ಪೂರ್ವಾಶ್ರಯವನ್ನು ಕೆದಕಬಾರದು ಎಂದು ಶರಣರು ಕಟ್ಟುನಿಟ್ಟು ಮಾಡಿದರು. ಹಿಂದೆ ಯಾವ ಜಾತಿ, ಯಾವ ಕಸುಬು, ಏನು ಮಾಡಿಕೊಂಡಿದ್ದ ಎಂಬ ಪ್ರಶ್ನೆ ದೀಕ್ಷೆಯ ಹೊಸ್ತಿಲಲ್ಲೇ ನಿಂತುಬಿಡಬೇಕು. ಇದು ಬಾಯಿಮಾತಾಗಿರಲಿಲ್ಲ ಎಂಬುದಕ್ಕೆ ಶರಣರ ಹೆಸರುಗಳೇ ಸಾಕ್ಷಿ. ಹೆಂಡದ ಮಾರಯ್ಯ ಇದ್ದರು. ಸೂಳೆ ಸಂಕವ್ವೆ ಇದ್ದರು. ಕನ್ನದ ಮಾರಿತಂದೆ ಇದ್ದರು. ಕನ್ನ ಕೊರೆಯುವುದು ಅವರ ಹಿಂದಿನ ಕಸುಬೆಂದು ಆ ಹೆಸರೇ ಹೇಳುತ್ತದೆ. ಹಿಂದಿನದನ್ನು ಯಾರೂ ಬಚ್ಚಿಡಲಿಲ್ಲ, ಯಾರೂ ಅದನ್ನು ಹಿಡಿದು ಹೊರಗೆ ನಿಲ್ಲಿಸಲೂ ಇಲ್ಲ. ಕಳ್ಳತನ ಬಿಟ್ಟು ಬಂದವರಿಗೆ ವಚನ ಬರೆಯಲು ಅವಕಾಶ ಕೊಟ್ಟ ಪರಂಪರೆ ನಮ್ಮದು. ಅಂಥ ನಾವು ಹದಿನೇಳನೇ ವಯಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲಿ 28 ಅಂಕ ತೆಗೆದವನನ್ನು ನಲವತ್ತನೇ ವಯಸ್ಸಿನಲ್ಲೂ ‘ಫೇಲಾದವನು’ ಎಂದೇ ಗುರುತಿಸುತ್ತೇವೆ. ಅಂಕಪಟ್ಟಿಯನ್ನು ನಾವು ಹೊಸದೊಂದು ಜಾತಿ ಮಾಡಿಕೊಂಡಿದ್ದೇವೆ. ಅದೂ ಒಂದು ಪೂರ್ವಾಶ್ರಯವೇ. ಅದನ್ನೂ ಹೊಸ್ತಿಲಲ್ಲಿ ಇಳಿಸಬೇಕು.

ವಯಸ್ಸಿನ ಮಾತೂ ಹಾಗೆಯೇ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಹೆಸರಾದ ಮೇಲೆ ಕಲ್ಯಾಣಕ್ಕೆ ಬಂದವರು. ಶೂನ್ಯಸಂಪಾದನೆಯ ಕಥನದಲ್ಲಿ ಅವರಿಗೆ ದೀಕ್ಷೆ ಕೊಡುವವರು ಚನ್ನಬಸವಣ್ಣನವರು, ಶರಣರಲ್ಲಿ ಚಿಕ್ಕ ವಯಸ್ಸಿನವರು. ಊರಿಗೆ ದೊಡ್ಡವರಾದ ಸಿದ್ಧರಾಮರು ಕಿರಿಯರೊಬ್ಬರ ಮುಂದೆ ಶಿಷ್ಯರಾಗಿ ಕೂತರು. ಮುಂದೆ ಅವರೇ ಶೂನ್ಯಪೀಠ ಏರಿದರು ಎನ್ನುತ್ತದೆ ಪರಂಪರೆ. ಮಗನ ವಯಸ್ಸಿನ ಮೇಷ್ಟ್ರ ಮುಂದೆ ಬೆಂಚಿನಲ್ಲಿ ಕೂರಲು ನಾಚಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಎಲ್ಲಿ ಸಿಗುತ್ತದೆ?

ಇನ್ನೊಂದು ಮಾತು ನಮ್ಮ ನೆಲದ್ದೇ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಸ್ವತಂತ್ರ ಸಿದ್ಧಲಿಂಗೇಶ್ವರರು ನೆಲೆಸಿದ ಕಾಪನಹಳ್ಳಿ ಗವಿಮಠ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿಯೇ ಇದೆ. ಚದುರಿಹೋಗಿದ್ದ ವಚನಗಳನ್ನು ಕೂಡಿಸಿ, ಓಲೆಗಳಲ್ಲಿ ಪ್ರತಿ ಮಾಡಿ, ಓದಿ, ವ್ಯಾಖ್ಯಾನ ಮಾಡಿದ ಕಾಲ ಅದು. ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಮತ್ತೆ ಸಂಕಲಿಸಿದ್ದು ಆ ಬಳಗದಲ್ಲೇ. ಆ ಕೆಲಸಕ್ಕೆ ಕೂತವರು ಎಳೆಯ ಮಕ್ಕಳಲ್ಲ, ಬೆಳೆದವರು. ಮಠ ಎಂದರೆ ಮಕ್ಕಳ ಹಾಸ್ಟೆಲು ಎಂಬ ಚಿತ್ರ ಇತ್ತೀಚಿನದು. ಅದಕ್ಕೂ ಹಿಂದೆ ಮಠ ದೊಡ್ಡವರು ಕೂತು ಓದುವ ಜಾಗವಾಗಿತ್ತು. ಆದ್ದರಿಂದ ನಾನು ಇವತ್ತು ಕೇಳುತ್ತಿರುವುದು ಹೊಸದೇನೂ ಅಲ್ಲ.

ಈಗ ವ್ಯವಹಾರದ ಮಾತಿಗೆ ಬರೋಣ. ಬಾಗಿಲು ಇದೆಯೇ? ಇದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದೇ ವರ್ಷ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. 1954ರಲ್ಲಿ ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಜೆ.ಎಸ್.ಎಸ್. ಮಹಾವಿದ್ಯಾಪೀಠ ಸ್ಥಾಪಿಸಿದರು. ಇವೆಲ್ಲ ಮುಖ್ಯವಾಗಿ ಎಳೆಯರಿಗೆ ತೆರೆದ ಬಾಗಿಲುಗಳು. ದುಡಿಯುವ ದೊಡ್ಡವರಿಗೆ ಬಾಗಿಲು ತೆರೆದದ್ದು 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣದ ಮೂಲಕ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮೈಸೂರಿನ ಮುಕ್ತಗಂಗೋತ್ರಿ ಅದರ ನೆಲೆ. ಮಂಡ್ಯದಲ್ಲಿ ಪ್ರಾದೇಶಿಕ ಕೇಂದ್ರವಿದೆ. ‘ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ’ ಎಂಬುದು ಅದರ ಧ್ಯೇಯವಾಕ್ಯ. ಬಿ.ಎ., ಬಿ.ಕಾಂ.ಗೆ ಪಿಯುಸಿ ಪಾಸಾಗಿದ್ದರೆ ಸಾಕು. ಎಷ್ಟು ಅಂಕದಲ್ಲಿ ಪಾಸಾದಿರಿ ಎಂದು ಕೇಳುವುದಿಲ್ಲ, ವಯಸ್ಸಿನ ಮೇಲ್ಮಿತಿ ಇಲ್ಲ. ಮಾನ್ಯತೆ ಇರುವ ಮುಕ್ತ ಮತ್ತು ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನನ್ನ ಬಳಿಗೆ ಬರುವವರು ಮೂರು ಬಗೆ. ಮೊದಲನೆಯವರು ಪಿಯುಸಿಯಲ್ಲೇ ನಿಂತವರು. ಇವರಿಗೆ ನಾನು ಹೇಳುವುದು ಒಂದೇ ಮಾತು: ಪಿಯುಸಿ ಹಾರಿ ಪದವಿಗೆ ಹೋಗಬೇಡಿ. ಹತ್ತು, ಎರಡು, ಮೂರು, ಈ ಮೆಟ್ಟಿಲುಗಳಲ್ಲಿ ಒಂದು ತಪ್ಪಿದರೂ ಕೈಗೆ ಬಂದ ಪದವಿ ಕೆಲಸದ ಹೊತ್ತಿಗೆ ಸಲ್ಲದೆ ಹೋಗಬಹುದು. ಬಾಕಿ ಉಳಿದ ವಿಷಯಗಳನ್ನು ಕಟ್ಟಿ ಮುಗಿಸಿ. 2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಒಂದರಲ್ಲಿ ಆಗದಿದ್ದರೆ ಇನ್ನೊಂದಕ್ಕೆ ವರ್ಷ ಕಾಯಬೇಕಾಗಿಲ್ಲ. ನಾಗಮಂಗಲ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ನಲವತ್ತೊಂದನೇ ವಯಸ್ಸಿನಲ್ಲಿ ಹೀಗೆ ಇಂಗ್ಲಿಷ್ ಕಟ್ಟಿದರು. ಮಗ ಎಸ್‌ಎಸ್‌ಎಲ್‌ಸಿಗೆ ಓದುತ್ತಿದ್ದ. ತಾಯಿ, ಮಗ ಒಂದೇ ಬಲ್ಬಿನ ಕೆಳಗೆ ಕೂತರು. “ಸೊಸೆ ಓದಕ್ ಕೂತ್ಕಂಡ್ರೆ ಎಮ್ಮೆ ಹಾಲ್ ಕರ್ಯೋರ್ ಯಾರು?” ಎಂದು ಅತ್ತೆ ಗೊಣಗಿದರಂತೆ. ಗೊಣಗಿಕೊಂಡೇ ಹಾಲೂ ಕರೆದರಂತೆ! ಮೇಲ್ವಿಚಾರಕಿಯ ಹುದ್ದೆಗೆ ಪದವಿ ಬೇಕು. ಆ ತಾಯಿ ಈಗ ಬಿ.ಎ. ಎರಡನೇ ವರ್ಷದಲ್ಲಿದ್ದಾರೆ. ಹುದ್ದೆ ಸಿಗುತ್ತದೋ ಇಲ್ಲವೋ ನಾನು ಭರವಸೆ ಕೊಡಲಾರೆ. ಅರ್ಜಿ ಹಾಕುವ ಹಕ್ಕಂತೂ ಅವರಿಗೆ ಸಿಗುತ್ತದೆ.

ಎರಡನೆಯವರು ಪದವಿಯ ನಡುವೆ ನಿಂತವರು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯ ಡೇರಿ ಕಾರ್ಯದರ್ಶಿ ಬಂದಿದ್ದರು. ಹದಿನೆಂಟು ವರ್ಷದ ಹಿಂದೆ ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟಿದ್ದರು, ತಂದೆ ತೀರಿಕೊಂಡು ಜಮೀನಿನ ಭಾರ ಮೈಮೇಲೆ ಬಿದ್ದಿತ್ತು. “ಪಾಸಾಗಿರೋ ಪತ್ರಿಕೆಗಳ್ನ ಇಲ್ಲಿಗೆ ವರ್ಗ ಮಾಡಿಸ್ಕೊಡಿ ಸಾ” ಎಂಬುದು ಅವರ ಕೋರಿಕೆ. ಇಂಥ ಕಡೆ ಸುಳ್ಳು ಆಸೆ ತೋರಿಸಬಾರದು. ಪ್ರತಿ ವಿಶ್ವವಿದ್ಯಾನಿಲಯವೂ ಪದವಿ ಮುಗಿಸಲು ಒಂದು ಗರಿಷ್ಠ ಅವಧಿ ಇಟ್ಟಿರುತ್ತದೆ. ಅದು ದಾಟಿದ ಮೇಲೆ ಹಳೆಯ ಪತ್ರಿಕೆಗಳ ಪಾಸು ಸಾಮಾನ್ಯವಾಗಿ ಮುಂದಕ್ಕೆ ಸಲ್ಲುವುದಿಲ್ಲ. ಅವಧಿ ಮುಗಿದವರಿಗೆ ವಿಶ್ವವಿದ್ಯಾನಿಲಯಗಳು ಕೆಲವೊಮ್ಮೆ ವಿಶೇಷ ಅವಕಾಶ ಪ್ರಕಟಿಸುವುದುಂಟು. ಆದ್ದರಿಂದ ಮೊದಲು ಹಳೆಯ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಬೇಕು. ಅಲ್ಲಿ ಆಗದಿದ್ದರೆ ಪಿಯುಸಿ ಅಂಕಪಟ್ಟಿ ಹಿಡಿದು ಹೊಸದಾಗಿ ಮೊದಲನೇ ವರ್ಷಕ್ಕೆ ಸೇರಬೇಕು. ಅವರ ಪಿಯುಸಿ ಅಂಕ ಶೇಕಡಾ 38. ಅದೇ ಸಾಕಾಯಿತು. ಎರಡು ವರ್ಷದ ಓದು ವ್ಯರ್ಥವಾಯಿತಲ್ಲ ಎಂದು ಮುಖ ಸಣ್ಣ ಮಾಡಿದರು. ನಿಜವಾಗಿ ವ್ಯರ್ಥವಾಗಲಿಲ್ಲ, ಇತಿಹಾಸ ಪತ್ರಿಕೆಯ ಅರ್ಧ ಭಾಗ ಅವರಿಗೆ ಬಾಯಿಗೇ ಬರುತ್ತಿತ್ತು.

2021ರ ನಂತರ ಓದು ಬಿಟ್ಟ ಹುಡುಗ ಹುಡುಗಿಯರ ಸ್ಥಿತಿ ಕೊಂಚ ಬೇರೆ. ಆ ವರ್ಷ ಯುಜಿಸಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕು ಎಂಬ ವ್ಯವಸ್ಥೆ ತಂದಿತು. ಹಣ ಬ್ಯಾಂಕಿನಲ್ಲಿ ಇರುವ ಹಾಗೆ ಪಾಸಾದ ಪತ್ರಿಕೆಗಳ ಕ್ರೆಡಿಟ್ಟು ವಿದ್ಯಾರ್ಥಿಯ ಖಾತೆಯಲ್ಲಿ ಇರುತ್ತದೆ. 7 ವರ್ಷದ ಒಳಗೆ ಇನ್ನೊಂದು ವಿಶ್ವವಿದ್ಯಾನಿಲಯಕ್ಕೆ ಒಯ್ಯಬಹುದು, ಆ ವಿಶ್ವವಿದ್ಯಾನಿಲಯ ಒಪ್ಪಿದರೆ. ನಿಮ್ಮ ಮನೆಯ ಮಗ ಬಿ.ಕಾಂ. ಅರ್ಧಕ್ಕೆ ಬಿಟ್ಟು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಹೋಗಿದ್ದರೆ ಬಯ್ಯುವ ಮೊದಲು ಆ ಖಾತೆ ಇದೆಯೇ, ಅಂಕ ಅದರಲ್ಲಿ ಏರಿದೆಯೇ ಎಂದು ಕೇಳಿ. ಅಂಕಪಟ್ಟಿ, ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ, ಈ ಮೂರನ್ನೂ ಕಾಲೇಜಿನಿಂದ ಬಿಡಿಸಿಕೊಂಡು ಇಟ್ಟುಕೊಳ್ಳಲು ಹೇಳಿ. ಇಪ್ಪತ್ತು ವರ್ಷದ ಮೇಲೆ ಅವನ್ನು ಹುಡುಕಿಸುವುದು ದೊಡ್ಡ ತಪಸ್ಸು.

ಮೂರನೆಯವರು ಪದವಿ ಮುಗಿಸಿದವರು, ಆದರೆ ಅಂಕ ಕಡಿಮೆ. ‘ಜಸ್ಟ್ ಪಾಸ್’ ಎಂಬ ಕೊರಗು. ಇವರಿಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಬಿ.ಇಡಿ. ಸೇರಲು ಸಾಮಾನ್ಯವಾಗಿ ಶೇಕಡಾ 50 ಅಂಕ ಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ನಿಯಮದಲ್ಲಿ ಆ ಶೇಕಡಾ 50 ಪದವಿಯಲ್ಲಿ ಇರಬಹುದು, ಇಲ್ಲವೇ ಸ್ನಾತಕೋತ್ತರ ಪದವಿಯಲ್ಲಿ ಇರಬಹುದು. ಅಂದರೆ ಬಿ.ಎ.ಯಲ್ಲಿ ಕಡಿಮೆ ಬಂದಿದ್ದನ್ನು ಎಂ.ಎ.ಯಲ್ಲಿ ತುಂಬಿಕೊಳ್ಳಬಹುದು. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿಯೂ ಸ್ನಾತಕೋತ್ತರ ಪದವಿಯ ಅಂಕವನ್ನೇ ನೋಡುತ್ತಾರೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮೇಲ್ಮಿತಿಯೂ ಇಲ್ಲ. ಕೆಲವು ಕಡೆ ಹಳೆಯ ಅಂಕ ಅಡ್ಡ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳ ಕಡೆ ಮುಂದಿನ ಮೆಟ್ಟಿಲು ಹಿಂದಿನದನ್ನು ಮುಚ್ಚುತ್ತದೆ. ಮುಂದಿನದಕ್ಕೆ ಕಾಲಿಟ್ಟರೆ ಮಾತ್ರ.

ಒಂದು ಎಚ್ಚರಿಕೆ. ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆಗೆ ಬರುವುದೇ ಬೇಡ, ಮೂವತ್ತು ಸಾವಿರ ಕೊಟ್ಟರೆ ಸಾಕು, ಹೀಗೆ ಬಸ್‌ಸ್ಟ್ಯಾಂಡಿನ ಕಂಬಗಳಿಗೆ ಚೀಟಿ ಅಂಟಿಸುವವರು ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ಕಡಿಮೆ ಅಂಕದ ನಾಚಿಕೆ ಇರುವವರೇ ಅವರ ಬಲೆಗೆ ಬೀಳುವುದು, ಏಕೆಂದರೆ ಬೇರೆಯವರನ್ನು ಕೇಳಲು ನಾಚಿಕೆ. ಯಾವ ಸಂಸ್ಥೆ, ಯಾವ ಕೋರ್ಸು, ಯಾವ ವರ್ಷಕ್ಕೆ ಮಾನ್ಯತೆ ಇದೆ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡದೆ ಒಂದು ರೂಪಾಯಿಯೂ ಕಟ್ಟಬೇಡಿ. ಸರ್ಕಾರಿ ಸಂಸ್ಥೆ ಎಂದಾಕ್ಷಣ ನೋಡದೆ ಇರಬೇಡಿ. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನೇ ಯುಜಿಸಿ 2015ರಲ್ಲಿ ಹಿಂತೆಗೆದುಕೊಂಡಿತ್ತು, 2018ರಲ್ಲಿ ಅದು ಮರಳಿತು. ನಡುವಿನ ವರ್ಷಗಳಲ್ಲಿ ಎಷ್ಟೋ ವಿದ್ಯಾರ್ಥಿಗಳು ಅತಂತ್ರರಾದರು. ಈಗ ದೂರಶಿಕ್ಷಣಕ್ಕೆ ಸೇರುವವರು ಯುಜಿಸಿಯ ಡೆಬ್ ಗುರುತಿನ ಸಂಖ್ಯೆಯನ್ನು ಮೊದಲು ಮಾಡಿಸಿಕೊಳ್ಳಬೇಕು. ಇದೂ ಒಂದು ರಕ್ಷಣೆಯೇ.

ಕೆಲವರು ನನ್ನನ್ನು ಕೇಳುತ್ತಾರೆ: ಪದವಿ ಇಲ್ಲದಿದ್ದರೇನು, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಬಿ.ಎ. ಮುಗಿಸಲಿಲ್ಲ, ಗುಮಾಸ್ತರಾಗಿದ್ದುಕೊಂಡೇ ‘ಮೈಸೂರು ಮಲ್ಲಿಗೆ’ ಬರೆಯಲಿಲ್ಲವೇ? ಬರೆದರು, 1942ರಲ್ಲಿ. ನಾಡು ಮೆಚ್ಚಿತು. ಪದವಿಯೇ ಮನುಷ್ಯನ ಬೆಲೆಯಲ್ಲ ಎಂಬುದಕ್ಕೆ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಮಗನೇ ಸಾಕ್ಷಿ, ಒಪ್ಪುತ್ತೇನೆ. ಆದರೆ ಈ ಮಾತನ್ನು ಹೇಳುವವರು ಯಾರು ಎಂದು ಗಮನಿಸಿದ್ದೇನೆ. ತಮ್ಮ ಮಕ್ಕಳನ್ನು ಇಂಜಿನಿಯರಿಂಗಿಗೆ ಸೇರಿಸಿದವರು ಇನ್ನೊಬ್ಬರ ಸೊಸೆಗೆ ಹೇಳುವ ಮಾತು ಅದು. ಪದವಿ ಬೇಡ ಎನ್ನುವ ಹಕ್ಕು ಪದವಿ ಸಿಗುವ ದಾರಿ ತೆರೆದಿರುವವರಿಗೆ ಇರುತ್ತದೆ. ದಾರಿ ಮುಚ್ಚಿದವರಿಗೆ ನಾವು ಆ ಉಪದೇಶ ಮಾಡಬಾರದು.

ಸೇರಿದ ಮೇಲಿನ ಕಷ್ಟಗಳೂ ಇವೆ. ಪಾಂಡವಪುರದ ಕಡೆ ಕಬ್ಬು ಬೆಳೆಯುವವರಿಗೆ ಕಟಾವಿನ ಸರದಿ ಬಂದ ವಾರವೇ ಪರೀಕ್ಷೆ ಬಿದ್ದರೆ ಯಾವುದನ್ನು ಬಿಡುವುದು? ಹತ್ತು ವರ್ಷ ಪೆನ್ನು ಹಿಡಿಯದ ಕೈ ಮೂರು ಗಂಟೆ ಬರೆದರೆ ಬೆರಳು ಮರಗಟ್ಟುತ್ತದೆ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ನಾನು ಅವರಿಗೆ ಹೇಳುವುದು: ಇಡೀ ಪಾಠ ಬಾಯಿಪಾಠ ಬೇಡ, ದಿನಕ್ಕೆ ಒಂದು ಪುಟ ಬರೆಯಿರಿ, ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ. ಶ್ರೀರಂಗಪಟ್ಟಣದವರಿಗೆ ಮೈಸೂರು 16 ಕಿಲೋಮೀಟರ್, ಅರ್ಧ ಗಂಟೆಯ ಮಾತು. ಕೆ.ಆರ್. ಪೇಟೆ, ನಾಗಮಂಗಲದ ಒಳಹಳ್ಳಿಗಳವರಿಗೆ ಒಂದು ಸಂಪರ್ಕ ತರಗತಿ ಎಂದರೆ ಇಡೀ ದಿನ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ. ಅಂದಿನಿಂದ ತರಗತಿಗೆ ಬರುವ ತಾಯಂದಿರು ಹೆಚ್ಚಿದ್ದನ್ನು ನಾನೇ ಕಂಡಿದ್ದೇನೆ. ನೂರೈವತ್ತು ರೂಪಾಯಿಯ ಬಸ್ ಚಾರ್ಜು ಒಬ್ಬರ ಓದನ್ನು ನಿಲ್ಲಿಸುತ್ತಿತ್ತು ಎಂದು ಆಮೇಲೆ ನಮಗೆ ಅರ್ಥವಾಗುತ್ತದೆ.

ಕೊನೆಗೆ, ಬುದ್ಧಿಯವರ ಮುಂದೆ ಮತ್ತು ನಿಮ್ಮೆಲ್ಲರ ಮುಂದೆ ನಾಲ್ಕು ಬಿನ್ನಹ.

ಮೊದಲನೆಯದು, ಮುಂದಿನ ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ. ಬಿಟ್ಟ ಓದನ್ನು ಮೂವತ್ತು ದಾಟಿದ ಮೇಲೆ ಮುಗಿಸಿದವರಿಗೆ, ಅಂಕ ಎಷ್ಟೇ ಇರಲಿ, ಅದೇ ವೇದಿಕೆಯಲ್ಲಿ ಅದೇ ಶಾಲು. ಅಂಕವನ್ನು ಮೈಕಿನಲ್ಲಿ ಓದಬೇಡಿ.

ಎರಡನೆಯದು, ಮಠದ ಹಾಸ್ಟೆಲಿನ ಒಂದು ಕೊಠಡಿಯನ್ನು ಭಾನುವಾರಕ್ಕೆ ಬಿಟ್ಟುಕೊಡಿ. ಎರಡು ಟ್ಯೂಬ್‌ಲೈಟು, ಒಂದು ಕಪ್ಪುಹಲಗೆ, ಮುಕ್ತ ವಿಶ್ವವಿದ್ಯಾನಿಲಯದ ಪಠ್ಯಗಳ ಒಂದೊಂದು ಪ್ರತಿ. ಪಾಠ ಹೇಳಲು ನಮ್ಮಂಥ ನಿವೃತ್ತ ಮೇಷ್ಟ್ರುಗಳು ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ಅವರಿಗೂ ಕಾಯಕ ಬೇಕಾಗಿದೆ.

ಮೂರನೆಯದು, ಶುಲ್ಕ. ಮೈಕ್ರೋಫೈನಾನ್ಸಿನಲ್ಲಿ ಸಾಲ ಮಾಡಿ ಯಾರೂ ಬಿ.ಎ. ಓದಬಾರದು. ಜಾತ್ರೆಯ ಪಟಾಕಿ ಒಂದು ವರ್ಷ ಕಡಿಮೆಯಾದರೆ ಎಷ್ಟೋ ಜನರ ಶುಲ್ಕ ಅದರಲ್ಲೇ ಹುಟ್ಟುತ್ತದೆ. ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹ ಎಂದು ನಾವು ಭಾಷಣದಲ್ಲಿ ಹೇಳುವುದನ್ನು ರಸೀದಿ ಪುಸ್ತಕದಲ್ಲಿಯೂ ಬರೆಯೋಣ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆ ಕೊಠಡಿಯ ಬಾಗಿಲಿಗೆ ‘ಲಿಂಗಾಯತರಿಗೆ ಮಾತ್ರ’ ಎಂಬ ಬೋರ್ಡು ಬೇಡ. ನಮ್ಮ ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣುಮಗಳು, ಊರಾಚೆಯ ಬೀದಿಯ ಆಟೋ ಡ್ರೈವರು, ಸಾಬರ ಬೀದಿಯ ಹುಡುಗಿ, ಯಾರು ಬಂದರೂ ಬೆಂಚು ಒಂದೇ. ಹಾಗೆ ಮಾಡದೆ ಹೋದರೆ ಅಂಕದ ಪೂರ್ವಾಶ್ರಯವನ್ನು ಕೇಳದೆ ಬಿಟ್ಟು ಜಾತಿಯ ಪೂರ್ವಾಶ್ರಯವನ್ನು ಕೇಳಿದಂತಾಗುತ್ತದೆ. ಅದು ಬಸವಣ್ಣನವರಿಗೆ ಒಪ್ಪುವ ಕೆಲಸವಲ್ಲ.

ಈ ಸಭೆಯಲ್ಲಿ ಓದು ನಿಂತುಹೋದವರು ಇದ್ದೀರಿ ಎಂದು ನನಗೆ ಗೊತ್ತು. ಕೈ ಎತ್ತಿ ಎಂದು ಕೇಳುವುದಿಲ್ಲ. ಮುಕ್ತ ವಿಶ್ವವಿದ್ಯಾನಿಲಯದ ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ. ಪ್ರಸಾದವಾದ ಮೇಲೆ ನಾನು ಪುಸ್ತಕ ಭಂಡಾರದ ಜಗಲಿಯ ಮೇಲೆ ಕೂತಿರುತ್ತೇನೆ. ಅಂಕಪಟ್ಟಿ ಈಗ ಕೈಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಯಾವ ವರ್ಷ ಎಲ್ಲಿಯವರೆಗೆ ಓದಿದಿರಿ ಎಂದು ಹೇಳಿದರೆ ಸಾಕು. ಯಾಕೆ ಬಿಟ್ಟಿರಿ ಎಂದು ನಾನು ಕೇಳುವುದಿಲ್ಲ.